ಆರು ತಿಂಗಳು ಬಾಕಿಯಿದ್ದ ಕಾಗದ

ಆರು ತಿಂಗಳು ಕಾಯಬೇಕಿತ್ತು. ನಾನು ಕಾಯಲಿಲ್ಲ.

ಅಕ್ಕನ ದುಡ್ಡು ಐದು ವರ್ಷ ಕಾಗದವಾಗಿ ನನ್ನ ಟ್ರಂಕಿನಲ್ಲಿತ್ತು. ಇನ್ನಾರು ತಿಂಗಳು ಇದ್ದಿದ್ದರೆ ಅದು ಎರಡರಷ್ಟಾಗುತ್ತಿತ್ತು. ಮೈಯಲ್ಲಿ ಶಕ್ತಿ ಕುಗ್ಗಿ ಕೆಲಸ ಬಿಟ್ಟ ಮೇಲೆ ಅವಳು ಅದರ ಮೇಲೆ ಬದುಕಬೇಕು ಎಂದು ಇಟ್ಟುಕೊಂಡಿದ್ದ ದುಡ್ಡು ಅದು. ಅದನ್ನು ಅವಳಿಗೆ ತಿಳಿಸದೆ ಮುರಿಸಿ, ಒಂದೇ ತಿಂಗಳಲ್ಲಿ ಕಳೆದೆ. ಆಮೇಲೆ ಅವಳ ಮುಖ ನೋಡಿಕೊಂಡೇ ಸುಳ್ಳು ಹೇಳಿ, ಅದನ್ನು ಮೂರು ವರ್ಷ ನಡೆಸಿದೆ. ದುಡ್ಡು ಕಳೆದವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಈ ಮೂರು ವರ್ಷದ ಮಾತು ಮಾತ್ರ ನನ್ನೊಬ್ಬನದು.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಅರಕೆರೆಯ ಆಸುಪಾಸಿನ ಆಲೆಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲದ ಹದ ನೋಡುವುದು ನನ್ನ ಕಸುಬು. ಕಬ್ಬಿನ ಹಾಲು ಕುದಿದು ಪಾಕವಾಗುವಾಗ ಯಾವ ಗಳಿಗೆಯಲ್ಲಿ ಕೊಪ್ಪರಿಗೆ ಇಳಿಸಬೇಕು ಎಂದು ಹೇಳುವವನು ಅಲ್ಲಿ ಒಬ್ಬನೇ. ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಕೊಪ್ಪರಿಗೆಯ ಅಂಚಿಗೆ ಎಸೆದರೆ ಕಲ್ಲು ಬಿದ್ದಂತೆ ಸದ್ದಾಗಬೇಕು. ಅದಕ್ಕೆ ಮೊದಲು ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ತಡವಾದರೆ ಸೀದುಹೋಗುತ್ತದೆ. ಇಪ್ಪತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದ್ದೇನೆ. ಆದ್ದರಿಂದ ಕಾಯುವುದು ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವಳನ್ನು ನಾಗಮಂಗಲದ ಕಡೆಯ ಒಂದು ಊರಿಗೆ ಕೊಟ್ಟಿದ್ದರು. ಕಾಲುವೆ ನೀರಿನಲ್ಲಿ ಕಾಲಾಡಿಸಿ ಬೆಳೆದವಳು ಅಲ್ಲಿ ರಾಗಿ ಹೊಲದ ನಡುವೆ ಎರಡು ಕೊಡ ನೀರಿಗೆ ಒಂದು ಮೈಲಿ ನಡೆಯುತ್ತಿದ್ದಳು. ಮಕ್ಕಳಾಗಲಿಲ್ಲ. ಇಪ್ಪತ್ತಾರಕ್ಕೆ ಗಂಡ ತೀರಿಕೊಂಡ. ತವರಿಗೆ ವಾಪಸು ಬಂದವಳು ಒಂದು ಹಂಗಾಮು ಕೂಡ ನಮ್ಮ ಜೊತೆ ಇರಲಿಲ್ಲ. ಯಾರೂ ಅವಳನ್ನು ಹೋಗು ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಶೀಳನೆರೆಯಲ್ಲಿದ್ದ ನಂಟರೊಬ್ಬರು ಕೆ.ಆರ್. ಪೇಟೆಯ ಅಕ್ಕಿ ಗಿರಣಿಯಲ್ಲಿ ಕೆಲಸ ಕೊಡಿಸಿದರು. ಬೇಯಿಸಿದ ಬತ್ತವನ್ನು ಸಿಮೆಂಟು ಕಣದಲ್ಲಿ ಹರವಿ, ಬಿಸಿಲಿನಲ್ಲಿ ಸಾಲು ಸಾಲಾಗಿ ಕಾಲಿನಿಂದ ತಿರುವುತ್ತಾ ಒಣಗಿಸುವ ಕೆಲಸ. ಸಂಜೆ ಒಂದು ಕಾಳು ಬಾಯಿಗೆ ಹಾಕಿ ಕಡಿದು ಒಣಗಿದೆಯೋ ಇಲ್ಲವೋ ಅವಳೇ ಹೇಳುತ್ತಿದ್ದಳು. ಗಿರಣಿಯ ಹಿಂದೆ, ಚೀಲ ಜೋಡಿಸಿಡುವ ಕೊಟ್ಟಿಗೆಯ ಮೂಲೆಯಲ್ಲಿ ಅವಳಿಗೆ ಮಲಗಲು ಜಾಗ. ಅದಕ್ಕೆ ಬಾಗಿಲಿತ್ತು. ಚಿಲಕ ಮಾತ್ರ ಹೊರಗಡೆಯೇ ಇತ್ತು.

ಆ ಚಿಲಕದ ಮಾತನ್ನು ಅವಳು ಆಗಾಗ ಆಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಒಂದು ರೂಮು. ಚಿಕ್ಕವಳಿದ್ದಾಗ ಅವ್ವ ಅವಳನ್ನು ನಿಮಿಷಾಂಬ ಗುಡಿಗೆ ಕರೆದುಕೊಂಡು ಹೋಗಿದ್ದಾಗ, ಹೊಳೆಗೆ ಹೋಗುವ ದಾರಿಯಲ್ಲಿ ಒಬ್ಬ ಹೆಂಗಸು ತನ್ನ ಹೊಸ್ತಿಲ ಮೇಲೆ ಒಬ್ಬಳೇ ಕುಳಿತು ಸೊಪ್ಪು ಬಿಡಿಸುತ್ತಿದ್ದಳಂತೆ. ಅವಳನ್ನು ಯಾರೂ ಕರೆಯಲಿಲ್ಲವಂತೆ, ಯಾರೂ ಏನೂ ಕೇಳಲಿಲ್ಲವಂತೆ. ಸೊಪ್ಪು ಬಿಡಿಸಿ ಮುಗಿಸಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ಇಷ್ಟೇ ಕತೆ. ಇದನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ.

ತೊಂಬತ್ತನೇ ಇಸವಿಯ ಕೊನೆಯಲ್ಲಿ ಅವಳ ಗಂಡನ ಮನೆಯವರು ಅವಳ ಪಾಲಿನ ಹೊಲಕ್ಕೆಂದು ಒಂಬತ್ತು ಸಾವಿರ ಕೊಟ್ಟರು. ಗಿರಣಿಯಲ್ಲಿ ಉಳಿಸಿದ್ದು ಆರು ಸಾವಿರವಿತ್ತು. ಅಕ್ಕನಿಗೆ ಆಗ ಐವತ್ತೆರಡು ದಾಟಿತ್ತು. ಐದೂವರೆ ವರ್ಷಕ್ಕೆ ದುಡ್ಡು ಇಮ್ಮಡಿಯಾಗುವ ಕಾಗದ ಪೋಸ್ಟಾಫೀಸಿನಲ್ಲಿ ಸಿಗುತ್ತದೆ ಎಂದು ಗಿರಣಿಯ ರೈಟರು ಹೇಳಿದ್ದನ್ನು ಕೇಳಿ ನನ್ನನ್ನು ಕರೆಸಿದಳು. ಓದು ಬಂದವನು ಮನೆಯಲ್ಲಿ ನಾನೊಬ್ಬನೇ.

ಕೆ.ಆರ್. ಪೇಟೆಯ ಪೋಸ್ಟಾಫೀಸಿನ ಗುಮಾಸ್ತರು ತಾಳ್ಮೆಯ ಮನುಷ್ಯ. ಅಕ್ಕನಿಗೆ ಎಲ್ಲವನ್ನೂ ಎರಡೆರಡು ಸಲ ಹೇಳಿದರು. ಹದಿನೈದು ಮೂವತ್ತಾಗುತ್ತದೆ. ಆ ಮೂವತ್ತನ್ನು ಮತ್ತೆ ಪೋಸ್ಟಾಫೀಸಿನಲ್ಲೇ ಇನ್ನೊಂದು ಬಗೆಯಲ್ಲಿ ಇಟ್ಟರೆ ತಿಂಗಳಿಗೆ ಮುನ್ನೂರು ರೂಪಾಯಿಯ ಮೇಲೆ ಕೈಗೆ ಬರುತ್ತದೆ, ಅಸಲು ಹಾಗೇ ಇರುತ್ತದೆ. ಅಕ್ಕ ಅಲ್ಲೇ ಬೆರಳು ಮಡಚಿದಳು: ರೂಮಿಗೆ ನೂರು, ರಾಗಿಗೆ ಇಷ್ಟು, ಸೀಮೆಎಣ್ಣೆಗೆ ಇಷ್ಟು. ಉಳಿಯುತ್ತದೆ ಎಂದಳು. ಕಾಗದವನ್ನು ಇಬ್ಬರ ಹೆಸರಿನಲ್ಲಿ ಮಾಡಿಸಿ, ಇಬ್ಬರಲ್ಲಿ ಯಾರು ಬಂದರೂ ದುಡ್ಡು ಕೊಡುವ ಹಾಗಿರಲಿ ಎಂದು ಕೇಳಿದವಳೂ ಅವಳೇ. ತನಗೇನಾದರೂ ಆದರೆ ನನಗೆ ತೊಂದರೆಯಾಗಬಾರದು ಎಂದು.

ಹೆಬ್ಬೆಟ್ಟು ಒತ್ತಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು, "ಸ್ವಾಮಿ, ನಾ ಮಲಗೋ ತಾವ ಇಲಿ ಜಾಸ್ತಿ. ಇದ್ನ ಇಲಿ ತಿಂದ್ಬುಟ್ರೆ?" ಎಂದು ಕೇಳಿದಳು.

"ಇಲಿ ತಿಂದ್ರೆ ಅರ್ಜಿ ಕೊಡಮ್ಮ, ಬೇರೆ ಕಾಗದ ಕೊಡ್ತೀವಿ," ಎಂದು ಗುಮಾಸ್ತರು ನನ್ನ ಕಡೆ ನೋಡಿ ನಕ್ಕರು. "ತಮ್ಮ ತಿಂದ್ರೆ ಮಾತ್ರ ನಾವು ಜವಾಬ್ದಾರರಲ್ಲ."

"ಬೆಲ್ಲ ಬೇಯ್ಸೋನು ಸ್ವಾಮಿ ಇವ್ನು. ಕೈಯೆಲ್ಲಾ ಸಿಹಿ ಇರೋನು ಕಾಗ್ದ ಯಾಕ್ ತಿಂದಾನು?"

ಮೂವರೂ ನಕ್ಕೆವು. ಇಲಿಯ ಕಾಟಕ್ಕೇ ಕಾಗದವನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅರಕೆರೆಗೆ ತಂದು ಟ್ರಂಕಿನ ತಳದಲ್ಲಿ ಇಟ್ಟೆ.

ಬಡ್ಡಿಯ ಲೆಕ್ಕ ನನಗೆ ಗೊತ್ತು ಎಂದು ನಾನು ತಿಳಿದಿದ್ದೆ. ನಮ್ಮ ಕಡೆ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಎಂದು. ಎರಡು ರೂಪಾಯಿ ಕೇಳುವವನು ಒಳ್ಳೆಯವನು, ಮೂರು ಕೇಳುವವನು ಎಲ್ಲರಂಥವನು, ಐದು ಕೇಳುವವನ ಮನೆಯ ಕಡೆ ಹೋಗಬಾರದು. ಆಲೆಮನೆಯಲ್ಲಿ ಒಲೆಯ ಮುಂದೆ ಕುಳಿತಾಗ ಒಂದು ದಿನ ಕಡ್ಡಿಯಿಂದ ಬೂದಿಯ ಮೇಲೆ ಬರೆದು ಲೆಕ್ಕ ಹಾಕಿದೆ. ಪೋಸ್ಟಾಫೀಸಿನವರು ಹದಿನೈದು ಸಾವಿರಕ್ಕೆ ಅರವತ್ತಾರು ತಿಂಗಳಿಗೆ ಕೊಡುವುದು ಹದಿನೈದು ಸಾವಿರ. ನೂರಕ್ಕೆ ಒಂದೂವರೆ ರೂಪಾಯಿ ಬಿತ್ತು. ಊರಿನಲ್ಲಿ ಯಾರ ಕೈಗೆ ಕೊಟ್ಟಿದ್ದರೂ ಎರಡು ಸಿಗುತ್ತಿತ್ತು. ಅಕ್ಕನಿಗೆ ಸರ್ಕಾರದವರು ಟೋಪಿ ಹಾಕಿದರು, ನಾನು ಪಕ್ಕದಲ್ಲೇ ನಿಂತು ಹಾಕಿಸಿದೆ ಎಂದು ಅನ್ನಿಸಿತು. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಕ್ಷರ ಬಾರದವನಾಗಿದ್ದರೆ ನಾನು ಅದನ್ನು ಹಾಕುತ್ತಲೇ ಇರಲಿಲ್ಲ. ಇನ್ನೊಂದಿಷ್ಟು ಓದಿದ್ದರೆ ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಕಾಣುತ್ತಿತ್ತು. ಊರಿನವನ ಎರಡು ರೂಪಾಯಿ ಅವನು ಕೊಟ್ಟರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವುದು ಆ ಬೂದಿಯ ಮೇಲೆ ಬರೆದಿರಲಿಲ್ಲ.

ಬಡ್ಡಿಗೆ ಬಡ್ಡಿ ಎಂಬುದು ನಮಗೆ ಹೆದರಿಕೆಯ ಮಾತು. ಚಕ್ರಬಡ್ಡಿಗೆ ಸಿಕ್ಕಿ ಗದ್ದೆ ಕಳೆದುಕೊಂಡವರ ಹೆಸರುಗಳನ್ನು ಮಕ್ಕಳಿಗೂ ಹೇಳುತ್ತಾರೆ. ಅದೇ ಚಕ್ರ ನಮ್ಮ ಪಾಲಿಗೂ ತಿರುಗಬಲ್ಲದು, ಕಾಗದದೊಳಗೆ ಸದ್ದಿಲ್ಲದೆ ತಿರುಗುತ್ತಲೇ ಇತ್ತು, ಅದು ಹೆಚ್ಚು ಜೋರಾಗಿ ತಿರುಗುವುದು ಕೊನೆಯ ತಿಂಗಳುಗಳಲ್ಲೇ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ನಾನು ಕಂಡ ಅತಿ ಉದ್ದದ ಕಾಯುವಿಕೆ ಎಂದರೆ ಕಬ್ಬಿನದು. ಹನ್ನೆರಡು ತಿಂಗಳು, ತಪ್ಪಿದರೆ ಹದಿನಾಲ್ಕು. ಐದೂವರೆ ವರ್ಷಕ್ಕೆ ಬರುವ ಬೆಳೆಯನ್ನು ನಾನು ನೋಡಿರಲಿಲ್ಲ.

ಅಕ್ಕ ಬೇರೆಯ ತರದವಳು. ಪ್ರತಿ ವರ್ಷ ಹಂಗಾಮಿನ ಮೊದಲನೇ ಕೊಪ್ಪರಿಗೆಯ ಮೊದಲನೇ ಅಚ್ಚು ಬೆಲ್ಲವನ್ನು ನಾನು ಅವಳಿಗೆ ಎಂದು ತೆಗೆದಿಡುತ್ತಿದ್ದೆ. ಅವ್ವ ಬದುಕಿದ್ದಾಗಿನಿಂದ ಬಂದ ರೂಢಿ ಅದು. ಬಸ್ಸು ಬದಲಿಸುತ್ತಾ ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಕೆ.ಆರ್. ಪೇಟೆಗೆ ಹೋಗಿ ಗಿರಣಿಯ ಕಣದಲ್ಲೇ ಅವಳ ಕೈಗೆ ಕೊಡುತ್ತಿದ್ದೆ. ಅವಳು ಒಂದು ಮೂಲೆ ಕಡಿದು, ಕಣ್ಣು ಮುಚ್ಚಿ, ಈ ಸಲ ಸುಣ್ಣ ಒಸಿ ಜಾಸ್ತಿಯಾಗಿದೆ ಎಂದೋ, ಕಬ್ಬು ಹೊಸ ನಾಟಿಯದಲ್ಲ, ಕೊಯ್ದ ಬುಡದಿಂದ ಚಿಗುರಿದ ಕೂಳೆಯದು ಎಂದೋ ಹೇಳುತ್ತಿದ್ದಳು. ಸುಳ್ಳಾಗುತ್ತಿರಲಿಲ್ಲ. ನಮ್ಮ ಮನೆಗೆ ವರ್ಷಕ್ಕೊಮ್ಮೆ ಬಂದಾಗ ಕಾಗದವನ್ನು ತೆಗೆಸಿ ನೋಡುತ್ತಿದ್ದಳು. ಓದಲು ಬಾರದು. ತೊಡೆಯ ಮೇಲೆ ಇಟ್ಟುಕೊಂಡು ಅಂಗೈಯಿಂದ ಸವರಿ, ಬತ್ತ ಹರವಿದ ಹಾಗೆ ಅದರ ಮಡಿಕೆಗಳನ್ನು ನೇರ ಮಾಡಿ, ವಾಪಸು ಕೊಡುತ್ತಿದ್ದಳು.

ತೊಂಬತ್ತೈದರ ಡಿಸೆಂಬರಿನಲ್ಲಿ ಆಲೆಮನೆಯ ಪಕ್ಕದ ಗದ್ದೆಯವನು ನಿಂತ ಕಬ್ಬನ್ನು ಮಾರುತ್ತೇನೆ ಎಂದ. ಒಂದೂಕಾಲು ಎಕರೆ, ಹತ್ತು ತಿಂಗಳ ಪೈರು. ಅವನಿಗೆ ಏನೋ ತುರ್ತು ಇತ್ತು. ಸಂಕ್ರಾಂತಿಗೆ ಬೆಲ್ಲದ ಬೆಲೆ ಏರಿತ್ತು, ಹಬ್ಬ ಕಳೆದರೆ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಕೊಂಡವನು ಹಬ್ಬದೊಳಗೆ ಅರೆದು ಮಂಡಿಗೆ ಹಾಕಿದರೆ ನಲವತ್ತು ಸಾವಿರ ಎಂದು ಲೆಕ್ಕ ಬಿತ್ತು. ಇಪ್ಪತ್ತು ವರ್ಷ ಇನ್ನೊಬ್ಬರ ಕಬ್ಬಿಗೆ ಹದ ನೋಡಿದ್ದೆ. ಒಂದು ಸಲ, ಒಂದೇ ಸಲ, ಪಾಕ ಸುರಿಯುವ ಮರದ ದೋಣಿಯಲ್ಲಿ ಆರುವ ಬೆಲ್ಲ ನನ್ನದು ಅನ್ನಿಸಿಕೊಳ್ಳಬೇಕು ಎಂಬ ಆಸೆ ಎಷ್ಟು ದಿನದಿಂದ ಒಳಗಿತ್ತೋ. ಅಕ್ಕನಿಗಾಗಿ ಮಾಡಿದೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ಅದು ಅರ್ಧ ನಿಜ. ಜೂನಿನಲ್ಲಿ ಅಕ್ಕನಿಗೆ ಸೇರಬೇಕಾದ ಮೂವತ್ತನ್ನು ಜನವರಿಯಲ್ಲೇ ಕೊಟ್ಟು, ಮೇಲಿನದನ್ನು ನಾನು ಇಟ್ಟುಕೊಳ್ಳುವುದು ಎಂದು ಲೆಕ್ಕ ಮಾಡಿದ್ದೆ.

ಪೋಸ್ಟಾಫೀಸಿನಲ್ಲಿ ಅದೇ ಗುಮಾಸ್ತರು ಇದ್ದರು. ಅಕ್ಕ ಯಾಕೆ ಬರಲಿಲ್ಲ ಎಂದು ಕೇಳಿದರು. ಮೈ ಸರಿಯಿಲ್ಲ ಎಂದೆ. ಈಗ ಮುರಿಸಿದರೆ ಇಪ್ಪತ್ತಾರು ಸಾವಿರದ ಚಿಲ್ಲರೆ ಬರುತ್ತದೆ, ಇನ್ನಾರು ತಿಂಗಳು ಕಾದರೆ ಪೂರ್ತಿ ಮೂವತ್ತು, ಇಷ್ಟು ವರ್ಷ ಕಾದು ಬೆಳೆ ಬರುವ ಹೊತ್ತಿಗೆ ಯಾಕೆ ಕೊಯ್ಯುತ್ತೀಯ ಎಂದು ಬುದ್ಧಿ ಹೇಳಿದರು. ನಾನು ಕಬ್ಬಿನ ಕೆಲಸದವನು ಎಂದು ನೆನಪಿದ್ದೇ ಆ ಮಾತು ಆಡಿದರೋ ಏನೋ. ಮೂರೂವರೆ ಸಾವಿರಕ್ಕೆ ಆರು ತಿಂಗಳು ಯಾರು ಕಾಯುತ್ತಾರೆ ಎಂದು ನನಗೆ ಅನ್ನಿಸಿತು. ಆಸ್ಪತ್ರೆಗೆ ಬೇಕು ಎಂದೆ. ಅವರು ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟರು.

ಅಲ್ಲಿಂದ ಗಿರಣಿಗೆ ಹತ್ತು ನಿಮಿಷದ ನಡಿಗೆ. ಗಾಳಿ ಆ ಕಡೆಯಿಂದ ಬೀಸಿದರೆ ಬೇಯಿಸಿದ ಬತ್ತದ ವಾಸನೆ ಬರುತ್ತಿತ್ತು. ಪೇಟೆಗೆ ಬಂದು ಅಕ್ಕನನ್ನು ನೋಡದೆ ಹೋದದ್ದು ಅದೇ ಮೊದಲು. ಅವಳು ಏನಾದರೂ ಕೊಳ್ಳಲು ಬೀದಿಗೆ ಬಂದಿದ್ದರೆ ಎಂದು ಹೆದರಿ ಹಿಂದಿನ ಓಣಿಯಲ್ಲಿ ನಡೆದು ಬಸ್‌ಸ್ಟ್ಯಾಂಡು ಸೇರಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಖಾಲಿಯಿದ್ದರೂ ನಡುವೆ ಕುಳಿತೆ.

ಮಾರನೇ ದಿನವೇ ದುಡ್ಡು ಕೊಟ್ಟು ಆ ಕಬ್ಬು ಕೊಂಡೆ. ಹತ್ತು ತಿಂಗಳ ಕಬ್ಬಿನಲ್ಲಿ ಸಿಹಿ ಇರುವುದಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜಲ್ಲೆ ಮುರಿದು ಜಗಿದಾಗಲೇ ನಾಲಗೆಗೆ ಗೊತ್ತಾಯಿತು, ತುದಿಯ ಕಡೆ ಬರೀ ನೀರು. ಸುಣ್ಣ ಸ್ವಲ್ಪ ಹೆಚ್ಚು ಹಾಕಿದರೆ, ಬೆಂಕಿ ಸ್ವಲ್ಪ ಹೆಚ್ಚು ಕೊಟ್ಟರೆ, ನನ್ನ ಕೈಯಲ್ಲಿ ಕಟ್ಟುತ್ತದೆ ಎಂದುಕೊಂಡೆ. ಗಾಣವನ್ನು ಬಾಡಿಗೆಗೆ ಹಿಡಿದು, ಆಳು ಕೂಡಿಸಿ, ಹಬ್ಬಕ್ಕೆ ಎಂಟು ದಿನ ಇರುವಾಗ ಅರೆಯಲು ಶುರು ಮಾಡಿದೆವು. ಮೊದಲನೇ ಕೊಪ್ಪರಿಗೆ ಇಳಿಸುವಾಗ ಉಂಡೆ ಮಾಡಿ ಅಂಚಿಗೆ ಎಸೆದೆ. ಸದ್ದಾಗಲಿಲ್ಲ. ಅಂಟಿಕೊಂಡಿತು. ಇನ್ನೂ ಕಾಯಿಸಿದೆ, ಪಾಕ ಕೆಂಪಾಯಿತು, ಕಟ್ಟಲಿಲ್ಲ. ಬಣ್ಣಕ್ಕೆ ಹಾಕುವ ಬಿಳಿ ಪುಡಿ ಹಾಕಿದೆ. ಬಣ್ಣವೇನೋ ಬಂತು. ಅಚ್ಚಿನಲ್ಲಿ ಒಂದು ರಾತ್ರಿ ಕಳೆದ ಮೇಲೂ ಬೆಲ್ಲ ಬೆವರುತ್ತಿತ್ತು. ಸೌದೆ ಒಟ್ಟುವ ಆಳು, ನಾಗಮಂಗಲದ ಕಡೆಯ ಮುದುಕ, ನನ್ನ ಹಿಂದೆ ಬಂದು ನಿಂತು ನೋಡಿ, "ಏನ್ ಮೇಸ್ತ್ರಿ, ಕೊಪ್ಪರಿಗೇಲಿ ಪಾಯ್ಸ ಬೇಯ್ಸಿದ್ದೀರಾ?" ಎಂದ. ಬೇರೆಯವರ ಕಬ್ಬಾಗಿದ್ದರೆ ನಾನೂ ನಗುತ್ತಿದ್ದೆ.

ಮಂಡಿಯವರು ಬೈಯಲಿಲ್ಲ. ಒಂದು ಅಚ್ಚು ಎತ್ತಿಕೊಂಡು ಹೆಬ್ಬೆರಳು ಒತ್ತಿದರು. ಬೆರಳು ಉಗುರಿನವರೆಗೂ ಒಳಗೆ ಹೋಯಿತು. ಅದನ್ನು ಹೊರಗೆ ತೆಗೆದು ಗೋಣಿಗೆ ಒರೆಸಿಕೊಂಡು ಮುಂದಿನ ಗಾಡಿಯ ಕಡೆ ನಡೆದರು. ಕೊನೆಗೆ ಕಳ್ಳಭಟ್ಟಿಗೆ ಬೆಲ್ಲ ಹಿಡಿಯುವವನೊಬ್ಬ ಬಾಯಿಗೆ ಬಂದ ಬೆಲೆಗೆ ಎತ್ತಿಕೊಂಡು ಹೋದ. ಗಾಣದ ಬಾಡಿಗೆ, ಆಳಿನ ಕೂಲಿ ಕೊಟ್ಟ ಮೇಲೆ ಕೈಯಲ್ಲಿ ಏಳು ಸಾವಿರ ಉಳಿಯಿತು.

ಈ ಏಳು ಸಾವಿರದ ವಿಚಾರ ಬರೆಯದೆ ಬಿಡಬಹುದಿತ್ತು. ಮಾರನೇ ದಿನವೇ ಅದನ್ನು ಪೋಸ್ಟಾಫೀಸಿಗೆ ಹಾಕಿದ್ದರೆ ಅಷ್ಟಾದರೂ ಅಕ್ಕನಿಗೆ ಮತ್ತೆ ಬೆಳೆಯುತ್ತಿತ್ತು. ಏಳರಿಂದ ಮೂವತ್ತಕ್ಕೆ ಹನ್ನೊಂದು ವರ್ಷಕ್ಕೂ ಮೇಲೆ ಬೇಕು ಎಂದು ಲೆಕ್ಕ ಹಾಕಿ ಕೈಬಿಟ್ಟೆ. ಮೂವತ್ತಾಗದ ಮೇಲೆ ಏಳಿದ್ದರೇನು ಎಂದು ಅನ್ನಿಸಿತು. ಆ ದುಡ್ಡು ನನ್ನ ಮನೆಯಲ್ಲಿ ಹೆಂಚಿಗೆ, ಜ್ವರಕ್ಕೆ, ಯಾರದೋ ಮದುವೆಯ ಮುಯ್ಯಿಗೆ ಎಂದು ಎರಡು ವರ್ಷದಲ್ಲಿ ಖರ್ಚಾಯಿತು. ಹೆಂಡತಿಗೆ ಅದು ಯಾರ ದುಡ್ಡು ಎಂದು ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ಆ ವರ್ಷ ಅಕ್ಕನಿಗೆ ಕೊಡಲು ಅಚ್ಚು ಇರಲಿಲ್ಲ. ಶ್ರೀರಂಗಪಟ್ಟಣದ ಅಂಗಡಿಯಲ್ಲಿ ಒಂದು ಅಚ್ಚು ಕೊಂಡು, ಅಂಗಡಿಯ ಕಾಗದ ಬಿಸಾಡಿ, ಬಾಳೆ ಎಲೆಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಅವಳು ಮೂಲೆ ಕಡಿದು ಕಣ್ಣು ಮುಚ್ಚಿದಳು. ಎಂದಿನಂತೆ ಬೇಗ ತೆರೆಯಲಿಲ್ಲ.

"ಇದು ನಿನ್ ಕೈದಲ್ಲ ಕಣ್ಲಾ."

ಜ್ವರ ಬಂದು ಮಲಗಿದ್ದೆ, ಈ ಸಲ ಒಲೆಯ ಮುಂದೆ ನಿಲ್ಲಲಿಲ್ಲ ಎಂದೆ. ಅವಳು ತಕ್ಷಣ ಬೆಲ್ಲ ಮರೆತು ನನ್ನ ಹಣೆ ಮುಟ್ಟಿ ನೋಡಿದಳು. ಬತ್ತ ತಿರುವಿ ತಿರುವಿ ಅವಳ ಪಾದಗಳು ಒಡೆದಿದ್ದವು. ಕೈ ಮಾತ್ರ ಮೆತ್ತಗಿತ್ತು.

ಜೂನಿನಲ್ಲಿ ಗಿರಣಿಯವರು ಬತ್ತ ಒಣಗಿಸಲು ಯಂತ್ರ ತರಿಸಿದರು. ಕಣದ ಹೆಂಗಸರು ಬೇಡವಾದರು. ಅಕ್ಕನಿಗೆ ಅದರಿಂದ ಬೇಸರವಾಗಲಿಲ್ಲ. ಕಾಗದದ ವಾಯಿದೆಯೂ ಅದೇ ತಿಂಗಳು ಎಂದು ಅವಳಿಗೆ ಗೊತ್ತಿತ್ತು. ಯಂತ್ರದವರೂ ತನ್ನ ವಾಯಿದೆ ನೋಡಿಕೊಂಡೇ ಬಂದಿದ್ದಾರೆ ಎಂದು ನಗುತ್ತಾ, ಒಂದು ಗಂಟು, ಒಂದು ಪಾತ್ರೆ ಚೀಲ ಹಿಡಿದು ಅರಕೆರೆಗೆ ಬಂದಳು. ಬರುವ ದಾರಿಯಲ್ಲಿ ಗಂಜಾಂಗೆ ಹೋಗಿ ರೂಮು ನೋಡಿಕೊಂಡು, ಐವತ್ತು ರೂಪಾಯಿ ಮುಂಗಡವನ್ನೂ ಕೊಟ್ಟು ಬಂದಿದ್ದಳು. ಒಳಗಡೆ ಚಿಲಕ ಇದೆಯಂತೆ. ಹಾಕಿ ತೆಗೆದು ನೋಡಿದಳಂತೆ.

ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು, ನಾಳೆ ಪೋಸ್ಟಾಫೀಸಿಗೆ ಹೋಗೋಣವೇ ಎಂದು ಕೇಳಿದಳು.

ಆ ಗಳಿಗೆಯಲ್ಲಿ ಹೇಳಿಬಿಡಬಹುದಿತ್ತು. ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆಯೇ.

"ಸರ್ಕಾರದೋರು ಇನ್ನೊಂದ್ ಸುತ್ತು ಇಟ್ಕೊಂಡವ್ರೆ ಅಕ್ಕ. ಈಗ ಎತ್ತುದ್ರೆ ಮೂವತ್ತು. ಬುಟ್ರೆ ಅರವತ್ತು."

"ಎಷ್ಟ್ ವರ್ಸ?"

"ಐದೂವರೆ."

ಅವಳು ತನ್ನ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎತ್ತು ಎಂದು ಬಿಡುತ್ತಾಳೆ, ಆಗ ಎಲ್ಲ ಗೊತ್ತಾಗುತ್ತದೆ, ಗೊತ್ತಾದರೆ ಸಾಕು ಎಂದು ಒಳಗೇ ಬೇಡಿಕೊಂಡೆ.

"ಐದೂವರೆ ವರ್ಸ ಏನ್ ಮಾ ದೊಡ್ದು ಬುಡು," ಎಂದಳು. "ಕಾಯೋದ್ನೂ ಯಾರಾರಾ ಕಿತ್ಕಂಡಾರಾ? ಇನ್ನೂ ಕೈ ಆಡ್ತವೆ."

ಕಾಯದೆ ಹಾಳು ಮಾಡಿದವನು ನಾನು. ಅವಳನ್ನು ಇನ್ನೂ ಕಾಯು ಎಂದು ಕಳಿಸಿದವನೂ ನಾನೇ. ಅವಳು ಗಂಜಾಂಗೆ ಹೋಗಿ ಮುಂಗಡ ವಾಪಸು ಕೇಳಿದಳು. ಅವರು ನಲವತ್ತು ಕೊಟ್ಟರು. ನಮ್ಮ ಮನೆಯಲ್ಲಿ ಇರು ಎಂದು ನಾನು ಅಂದೆ, ಹೆಂಡತಿಯೂ ಅಂದಳು. ಆ ಸಲ ಕಾಗದವನ್ನು ತೆಗೆಸಿ ನೋಡದೆಯೇ ಅವಳು ಮೂರನೇ ದಿನ ಗಂಟು ಕಟ್ಟಿದಳು. ಪಾಂಡವಪುರದ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ಐವತ್ತೆಂಟು ವರ್ಷಕ್ಕೆ, ಆಳೆತ್ತರದ ಅನ್ನದ ಹಂಡೆಗಳೊಳಗೆ ತಲೆ ಬಗ್ಗಿಸಿ ಉಜ್ಜುವ ಕೆಲಸ. ಮಲಗುವುದು ಅಲ್ಲೇ, ಉಗ್ರಾಣದ ಪಕ್ಕ. ರಜೆಯಿಲ್ಲದ್ದರಿಂದ ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುವುದೂ ನಿಂತಿತು.

ಆ ಮೂರು ವರ್ಷದಲ್ಲಿ ನಾನು ಪಾಂಡವಪುರದಲ್ಲಿ ಇಳಿದದ್ದು ಎಷ್ಟು ಸಲ ಎಂದು ಬೆರಳಲ್ಲಿ ಎಣಿಸಬಹುದು. ಹೋದಾಗಲೂ ಮಂಟಪದ ಎದುರಿನ ಹೋಟೆಲಿನಲ್ಲಿ ಕುಳಿತು ಒಂದು ಟೀ, ಮತ್ತೊಂದು ಟೀ ಕುಡಿದು, ಒಳಗೆ ಹೋಗದೆ ವಾಪಸು ಬಂದದ್ದಿದೆ. ಮದುವೆಯಿಲ್ಲದ ದಿನ ಆ ಕಟ್ಟಡ ಖಾಲಿ. ಇನ್ನೂರು ಕುರ್ಚಿಗಳನ್ನು ಗೋಡೆಗೆ ಒಂದರ ಮೇಲೊಂದು ಜೋಡಿಸಿರುತ್ತಿದ್ದರು. ನಡುವೆ ಅವಳು ಒಬ್ಬಳೇ ಕುಳಿತು ಸೊಪ್ಪು ಬಿಡಿಸುತ್ತಿದ್ದದ್ದು ಬೀದಿಗೆ ಕಾಣುತ್ತಿತ್ತು. ಮಂಟಪದ ಬಾಗಿಲು ತೆರೆದೇ ಇರುತ್ತಿತ್ತು. ಯಾರು ಯಾರೋ ಒಳಗೆ ಬಂದು, ನೀರು ಕೊಡಮ್ಮ ಎಂದೋ, ಮ್ಯಾನೇಜರು ಎಲ್ಲಿ ಎಂದೋ ಅವಳನ್ನು ಕೇಳುತ್ತಿದ್ದರು.

ನನ್ನ ಮಾತು ಕಡಿಮೆಯಾಯಿತು. ಮನೆಯಲ್ಲಿ ದುಡ್ಡಿನ 'ದು' ಎತ್ತಿದರೂ ಎದ್ದು ಹೊರಗೆ ಹೋಗುತ್ತಿದ್ದೆ. ಹಂಗಾಮಿನಲ್ಲಿ ಆಲೆಮನೆಯಲ್ಲೇ ಮಲಗುವುದು ರೂಢಿಯಾಯಿತು. ಮೊದಲನೇ ಅಚ್ಚನ್ನು ಯಾರಾದರೂ ಆ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆ. ಚೆನ್ನಾಗಿತ್ತಂತೆ ಎಂದು ಅವರು ಬಂದು ಹೇಳುತ್ತಿದ್ದರು. ಸುಣ್ಣದ ಮಾತು, ಕೂಳೆಯ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ.

ತೊಂಬತ್ತೊಂಬತ್ತರ ಹಂಗಾಮಿನಲ್ಲಿ ಕೊಪ್ಪರಿಗೆ ಇಳಿಸುವಾಗ ಹಿಡಿ ಜಾರಿ ಕುದಿಯುವ ಪಾಕ ನನ್ನ ಬಲಪಾದದ ಮೇಲೆ ಬಿತ್ತು. ಪಾಕ ನೀರಿನ ಹಾಗೆ ಜಾರಿಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಹದಿನೈದು ದಿನ ಕಳೆದರೂ ಗಾಯ ಆರದೆ ಪಾದ ಕಪ್ಪಾಗತೊಡಗಿತು. ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕು, ಚರ್ಮ ಹಾಕಬೇಕು ಎಂದು ಶ್ರೀರಂಗಪಟ್ಟಣದ ಡಾಕ್ಟರು ಹೇಳಿದರು. ನಾನು ನೋಡೋಣ ಎಂದು ಮಲಗಿದ್ದೆ.

ಅಕ್ಕನಿಗೆ ಯಾರು ಹೇಳಿದರೋ. ಒಂದು ಮಧ್ಯಾಹ್ನ ಹೆಂಡತಿ ಗದ್ದೆಗೆ ಹೋಗಿದ್ದಾಗ ಬಾಗಿಲಲ್ಲಿ ಅವಳು ನಿಂತಿದ್ದಳು. ಸೋಪಿನ ಪುಡಿಗೆ ಬೆರಳ ಸಂದುಗಳೆಲ್ಲ ಬೆಳ್ಳಗಾಗಿದ್ದವು. ಬಸ್‌ಸ್ಟ್ಯಾಂಡಿನಿಂದ ನಡೆದು ಬಂದ ಉಸಿರು ಇನ್ನೂ ಇಳಿದಿರಲಿಲ್ಲ. ನನ್ನ ಕಾಲಿನ ಬಟ್ಟೆ ಬಿಚ್ಚಿ ನೋಡಿದಳು. ಮತ್ತೆ ಕಟ್ಟಿದಳು. ಗೋಡೆಗೆ ಒರಗಿ ಕುಳಿತು, ಟ್ರಂಕಿನ ಕಡೆ ನೋಡಿದಳು.

"ಆ ಕಾಗ್ದಾವ ಎತ್ಬುಡ್ಲಾ," ಎಂದಳು.

ನಾನು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡೆ.

"ವಾಯಿದೆ ಆಗಿಲ್ಲ, ಒಸಿ ಕಮ್ಮಿ ಕೊಡ್ತಾರೆ, ಅಷ್ಟೇ ತಾನೆ? ಕೊಟ್ಟಷ್ಟು ಕೊಡ್ಲಿ. ಕಾಲು ಓಂಟೋದ್ರೆ ತಿರ್ಗ ಬಂದದಾ?"

"ನಿನ್ ರೂಮು?"

"ರೂಮ್ ಎಲ್ಲಿಗ್ ಓಯ್ತದ್ಲಾ. ಗಂಜಾಂ ಅಲ್ಲೇ ಇರ್ತದೆ. ನಾನಿನ್ನೊಂದೆರಡು ವರ್ಸ ಉಜ್ತೀನಿ, ಏಳು."

ಒಂಬತ್ತು ವರ್ಷದಲ್ಲಿ ಒಂದು ದಿನವೂ ಆ ದುಡ್ಡಿಗೆ ಅವಸರ ಮಾಡದವಳು ಅವಳು. ನನ್ನ ಕಾಲಿಗಾಗಿ ಅದನ್ನು ವಾಯಿದೆಗೆ ಮುಂಚೆ ಮುರಿಸು ಎನ್ನುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಲು ನೋಡಿದೆ, ಕಾಲು ಬಿಡಲಿಲ್ಲ. ಅವಳು ಎದ್ದು, ನೋಯುವ ಮೊಣಕಾಲು ಊರಿ, ಟ್ರಂಕಿನ ಮುಚ್ಚಳ ತೆಗೆದಳು. ಬಟ್ಟೆಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟಳು. ತಳದಲ್ಲಿ ಪ್ಲಾಸ್ಟಿಕ್ ಇತ್ತು. ನಾನು ಅದನ್ನು ಬಿಸಾಡಿರಲಿಲ್ಲ. ಅವಳು ಅದನ್ನು ಬಿಡಿಸಿ, ಒಳಗೆ ಕೈಹಾಕಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದಳು.

"ಕಾಗ್ದ ಇಲ್ಲ ಕಣಕ್ಕ," ಎಂದೆ.

ಅವಳ ಮುಖದಲ್ಲಿ ಗಾಬರಿ ಬರಲಿಲ್ಲ. ಪ್ಲಾಸ್ಟಿಕ್ಕನ್ನು ಮಡಚುತ್ತಾ, "ಇಲಿ ತಿಂತಾ? ಓಗ್ಲಿ ಬುಡು. ಅರ್ಜಿ ಕೊಟ್ರೆ ಬ್ಯಾರೆ ಕೊಡ್ತೀವಿ ಅಂದಿದ್ರಲ್ಲ ಆ ಸ್ವಾಮಿ," ಎಂದಳು.

ನಾನು ಎದ್ದು ಕುಳಿತೆ. ಅವಳ ಕೈಯಿಂದ ಆ ಪ್ಲಾಸ್ಟಿಕ್ಕನ್ನು ತೆಗೆದುಕೊಂಡೆ.

"ಇಲಿ ತಿನ್ನಿಲ್ಲ ಕಣಕ್ಕ. ನಾನ್ ತಿಂದೆ. ಆರ್ ತಿಂಗ್ಳು ಇದ್ದಂಗೇ ಮುರ್ಸ್‌ಬುಟ್ಟೆ. ಎಳೇ ಕಬ್ಬು ತಕ್ಕಂಡು ಅರುದ್ಬುಟ್ಟೆ, ಕಟ್ನಿಲ್ಲ, ಎಲ್ಲಾ ಓಯ್ತು. ಉಳ್ದಿದ್ನೂ ನಿಂಗ್ ಕೊಡ್ನಿಲ್ಲ, ಮನೆಗೇ ಆಕ್ಕಂಡೆ. ಸರ್ಕಾರ ಯಾವ ಸುತ್ತೂ ಇಟ್ಕೊಂಡಿಲ್ಲ ಅಕ್ಕ, ಅದು ನಾನ್ ಕಟ್ಟಿದ್ ಮಾತು. ನೀನು ಮೂರ್ ವರ್ಸ ಅಂಡೆ ಉಜ್ಜಿದ್ದು ನನ್ ಸುಳ್ಗೆ. ತಪ್ಪಾಯ್ತು ಕಣಕ್ಕ. ನಿನ್ ಬಾಗ್ಲು ಚಿಲ್ಕಾವ ನಾನೇ ಕಿತ್ಕಂಡೆ. ತಪ್ಪಾಯ್ತು."